ಆಂಟಿಬಯೋಟಿಕ್ ನಂತರ ತಲೆಸುತ್ತು: ಯಾವುದು ತಾನಾಗಿ ಹೋಗುತ್ತದೆ, ಯಾವುದು ಉಳಿದುಬಿಡುತ್ತದೆ?

ಅಹಮದಾಬಾದ್, ವಡೋದರಾ, ಸೂರತ್‌ನ ಆಸ್ಪತ್ರೆಗಳಲ್ಲಿ ‘ಚಕ್ಕರ್ ಆವೆ ಛೆ’ ಎಂದರೆ ಸಾಕು, ವೈದ್ಯರಿಗೆ ಅರ್ಥವಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಈ ಮೂರು ಪದ ಹೇಳಿ ಸುಮ್ಮನಾಗುವುದುಂಟು. ಆದರೆ ಕನ್ನಡದಲ್ಲಿ ಇದಕ್ಕೆ ಒಂದೇ ಮಾತಿಲ್ಲ. ಕೋಣೆಯೇ ಗಿರಗಿರನೆ ತಿರುಗಿದಂತಾಗುವುದು ತಲೆಸುತ್ತು. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟುವುದು ಬೇರೆ. ನಡೆಯುವಾಗ ಜೋಲಿ ಹೊಡೆಯುವುದು ಇನ್ನೂ ಬೇರೆ. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಈ ಮೂರರಲ್ಲಿ ಯಾವುದು ಬಂತು ಎನ್ನುವುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಹೆಚ್ಚಿನವರಿಗೆ ಇದು ನಾಲ್ಕಾರು ದಿನದ ತೊಂದರೆ. ಕೆಲವರಿಗೆ ಮಾತ್ರ ಒಳಕಿವಿಗೆ ಆದ ಶಾಶ್ವತ ಹಾನಿ.

ಮೊದಲು ಸಾಮಾನ್ಯವಾದದ್ದನ್ನು ನೋಡೋಣ. ಜ್ವರ, ಊಟ ಸೇರದಿರುವುದು, ಮಾತ್ರೆಯಿಂದ ಭೇದಿ, ಇವೆಲ್ಲ ಸೇರಿ ದೇಹದ ನೀರು ಕಡಿಮೆಯಾದರೆ ರಕ್ತದೊತ್ತಡ ಇಳಿಯುತ್ತದೆ. ಗುಜರಾತಿನ ಬೇಸಿಗೆ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. 2016ರ ಮೇ 20ರಂದು ಅಹಮದಾಬಾದ್‌ನಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. 2013ರಲ್ಲೇ ಈ ನಗರ ಬಿಸಿಗಾಳಿ ಎದುರಿಸಲು ಪ್ರತ್ಯೇಕ ಕಾರ್ಯಯೋಜನೆ ರೂಪಿಸಿಕೊಂಡಿತ್ತು. ಅಂಥ ಸೆಖೆಯಲ್ಲಿ ಭೇದಿಯೂ ಇದ್ದರೆ ಎದ್ದ ಕೂಡಲೇ ಕಣ್ಣು ಕತ್ತಲೆ ಕಟ್ಟುವುದು ಸಹಜ. ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ಹಾಸಿಗೆಯಿಂದ ನಿಧಾನವಾಗಿ ಏಳುವುದು, ಇಷ್ಟರಲ್ಲೇ ಬಹುತೇಕ ಸರಿಹೋಗುತ್ತದೆ.

ಮಧುಮೇಹಿಗಳ ವಿಷಯ ಬೇರೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ನಂತಹ ಮಾತ್ರೆಗಳು ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 2018ರಲ್ಲಿ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಗ್ಲಿಮೆಪಿರೈಡ್‌ನಂತಹ ಸಕ್ಕರೆ ಮಾತ್ರೆ ನುಂಗುವ ಹಿರಿಯರಿಗೆ ಬೆವರು, ನಡುಕದ ಜತೆ ತಲೆಸುತ್ತು ಬಂದರೆ ಮೊದಲು ಗ್ಲುಕೋಮೀಟರ್ ಹಿಡಿಯಬೇಕು, ಆಮೇಲೆ ಉಳಿದ ಯೋಚನೆ. ಬಿಪಿ ಮಾತ್ರೆಯವರೂ ಗಮನಿಸಬೇಕು. ಆಮ್ಲೊಡಿಪಿನ್ ಜತೆ ಕ್ಲಾರಿಥ್ರೊಮೈಸಿನ್ ಸೇರಿದರೆ ರಕ್ತದೊತ್ತಡ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಸೊಂಟನೋವಿಗೆ ಟಿಜಾನಿಡಿನ್ ತೆಗೆದುಕೊಳ್ಳುವವರಿಗೆ ಸಿಪ್ರೊಫ್ಲಾಕ್ಸಾಸಿನ್ ಕೊಡಲೇಬಾರದು. ಟೆಟ್ರಾಸೈಕ್ಲಿನ್ ಗುಂಪಿನ ಮಿನೊಸೈಕ್ಲಿನ್ ನೇರವಾಗಿ ತಲೆ ತಿರುಗಿಸುತ್ತದೆ, ಅದೂ ಮಹಿಳೆಯರಲ್ಲಿ ಹೆಚ್ಚು. ಆದರೆ ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಹೋಗುತ್ತದೆ.

ಇನ್ನೊಂದು ಗೊಂದಲವಿದೆ. ವಾರಗಟ್ಟಲೆ ಮಲಗಿದ್ದವರಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ಜೋರಾಗಿ ತಲೆ ಸುತ್ತಿ ನಿಂತುಬಿಡುತ್ತದೆ. ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದರೆ ಹೀಗಾಗುತ್ತದೆ. ದೂರು ಮಾತ್ರ ಆಂಟಿಬಯೋಟಿಕ್ ಮೇಲೆ ಹೋಗುತ್ತದೆ. ಕಿವಿ-ಮೂಗು-ಗಂಟಲು ತಜ್ಞರು ತಲೆಯನ್ನು ಹಂತಹಂತವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಇದನ್ನು ಹಲವು ಬಾರಿ ಒಂದೇ ಭೇಟಿಯಲ್ಲಿ ಸರಿಪಡಿಸುತ್ತಾರೆ.

ತಿರುಗದ ತಲೆಸುತ್ತು

ನಿಜವಾದ ಆತಂಕ ಇರುವುದು ಇಂಜೆಕ್ಷನ್ ರೂಪದಲ್ಲಿ ಕೊಡುವ ಅಮೈನೊಗ್ಲೈಕೊಸೈಡ್ ಎಂಬ ಗುಂಪಿನಲ್ಲಿ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್, ಕನಾಮೈಸಿನ್ ಇದೇ ಕುಟುಂಬದವು. ರಕ್ತದ ಸೋಂಕು, ಮೂತ್ರಕೋಶದ ಸೋಂಕು, ನವಜಾತ ಶಿಶುಗಳ ನಂಜು, ಕ್ಷಯ ಇವುಗಳಲ್ಲಿ ಈ ಔಷಧಗಳು ಲೆಕ್ಕವಿಲ್ಲದಷ್ಟು ಜೀವ ಉಳಿಸಿವೆ. ಆದರೆ ಇವು ಒಳಕಿವಿಯ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲಬಲ್ಲವು. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟಿ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಕನಾಮೈಸಿನ್ ಮತ್ತು ಅಮಿಕಾಸಿನ್ ಹೆಚ್ಚಾಗಿ ಶ್ರವಣಶಕ್ತಿಗೆ ಪೆಟ್ಟು ಕೊಟ್ಟರೆ, ಸ್ಟ್ರೆಪ್ಟೊಮೈಸಿನ್ ಮತ್ತು ಜೆಂಟಾಮೈಸಿನ್ ಸಮತೋಲನದ ಅಂಗಕ್ಕೆ ಪೆಟ್ಟು ಕೊಡುತ್ತವೆ.

ಇಲ್ಲೊಂದು ವಿಚಿತ್ರವಿದೆ, ರೋಗ ಕೈತಪ್ಪುವುದೂ ಇಲ್ಲೇ. ಒಂದೇ ಕಿವಿ ಕೆಟ್ಟರೆ ಎಡ-ಬಲದ ಸಂದೇಶ ಹೊಂದದೆ ಕೋಣೆ ತಿರುಗುತ್ತದೆ. ಈ ಇಂಜೆಕ್ಷನ್‌ಗಳು ಸಾಮಾನ್ಯವಾಗಿ ಎರಡೂ ಕಿವಿಯನ್ನು ಸಮನಾಗಿ ಕೆಡಿಸುವುದರಿಂದ ಏನೂ ತಿರುಗುವುದಿಲ್ಲ. ಹಾಸಿಗೆಯಲ್ಲಿ ಮಲಗಿರುವಷ್ಟು ದಿನ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಡಿಸ್ಚಾರ್ಜ್ ಆಗಿ ಮನೆಯ ಕತ್ತಲೆ ಬಚ್ಚಲಿಗೆ ಕಾಲಿಟ್ಟಾಗ ಕುಡಿದವರಂತೆ ಓಲಾಡುತ್ತಾರೆ. ‘ನಿಶ್ಶಕ್ತಿ, ಸರಿಹೋಗುತ್ತದೆ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ರಸ್ತೆಯಲ್ಲಿ ನಡೆಯುವಾಗ ಅಂಗಡಿ ಬೋರ್ಡುಗಳು ಮೇಲೆ ಕೆಳಗೆ ಕುಣಿದು, ನಿಂತರೆ ಮಾತ್ರ ಓದಲು ಬಂದರೆ ಅದು ನಿಶ್ಶಕ್ತಿಯ ಲಕ್ಷಣವಲ್ಲ.

ಈ ಅನುಭವದ ಅತ್ಯಂತ ಸ್ಪಷ್ಟ ವಿವರಣೆ ಬಂದಿದ್ದು ರೋಗಿಯಾಗಿದ್ದ ಒಬ್ಬ ವೈದ್ಯರಿಂದಲೇ. ಮೊಣಕಾಲಿನ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪಡೆದು ಸಮತೋಲನ ಕಳೆದುಕೊಂಡ ಆ ವೈದ್ಯರು 1952ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಿ ಬರೆದರು. ಹೃದಯದ ಬಡಿತಕ್ಕೇ ತಲೆ ಅಲುಗಿ ಪುಸ್ತಕದ ಅಕ್ಷರ ಮಸುಕಾಗುತ್ತಿದ್ದುದರಿಂದ, ಓದಬೇಕೆಂದರೆ ಮಂಚದ ಕಂಬಿಗಳ ನಡುವೆ ತಲೆಯನ್ನು ಒತ್ತಿ ಹಿಡಿದುಕೊಳ್ಳಬೇಕಿತ್ತು. ಸ್ಟ್ರೆಪ್ಟೊಮೈಸಿನ್ ಪತ್ತೆಗಾಗಿ ಸೆಲ್ಮನ್ ವಾಕ್ಸ್‌ಮನ್ ಅವರಿಗೆ ನೊಬೆಲ್ ಬಂದದ್ದೂ ಅದೇ 1952ರಲ್ಲಿ.

ಗುಜರಾತ್ ಕಂಡ ಬದಲಾವಣೆ

ಈ ವಿಷಯದಲ್ಲಿ ಗುಜರಾತಿನ ಹೆಸರು ಬರಲು ಕಾರಣವಿದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಸರ್ಕಾರಿ ಚಿಕಿತ್ಸಾ ಕಾರ್ಯಕ್ರಮ ದೇಶದಲ್ಲಿ ಮೊದಲು ಶುರುವಾಗಿದ್ದು 2007ರಲ್ಲಿ, ಗುಜರಾತ್ ಮತ್ತು ಮಹಾರಾಷ್ಟ್ರದಲ್ಲಿ. ಆಗಿನ ಚಿಕಿತ್ಸೆಯಲ್ಲಿ ಕನಾಮೈಸಿನ್ ಇಂಜೆಕ್ಷನ್ ಅನಿವಾರ್ಯವಾಗಿತ್ತು. ಭಾನುವಾರ ಬಿಟ್ಟು ಉಳಿದೆಲ್ಲ ದಿನ, 6ರಿಂದ 9 ತಿಂಗಳು ಚುಚ್ಚಿಸಿಕೊಳ್ಳಬೇಕಿತ್ತು. ಎರಡನೇ ಬಾರಿ ಕ್ಷಯಕ್ಕೆ ಚಿಕಿತ್ಸೆ ಪಡೆಯುವ ಉಳಿದವರಿಗೆ ಎರಡು ತಿಂಗಳ ಸ್ಟ್ರೆಪ್ಟೊಮೈಸಿನ್ ಇತ್ತು. ಕ್ಷಯ ಗುಣವಾಯಿತು, ಕಿವಿ ಹೋಯಿತು ಎನ್ನುವವರು ಆ ತಲೆಮಾರಿನ ರೋಗಿಗಳಲ್ಲಿ ಸಿಗುತ್ತಾರೆ.

2016ರ ಮಾರ್ಚ್‌ನಲ್ಲಿ ಬೆಡಾಕ್ವಿಲಿನ್ ಮಾತ್ರೆ ದೇಶದ ಆರು ಕೇಂದ್ರಗಳಲ್ಲಿ ಆರಂಭವಾದಾಗ ಅಹಮದಾಬಾದ್‌ನ ಬಿ.ಜೆ. ವೈದ್ಯಕೀಯ ಕಾಲೇಜು ಅದರಲ್ಲೊಂದಾಗಿತ್ತು. ಕನಾಮೈಸಿನ್ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಆರು ತಿಂಗಳಲ್ಲಿ ಮುಗಿಯುವ, ಬರೀ ಮಾತ್ರೆಗಳ ಬಿಪಾಲ್ಎಂ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇದರಲ್ಲಿರುವ ಲಿನೆಜೋಲಿಡ್ ಒಳಕಿವಿಗಲ್ಲ, ಕಾಲಿನ ನರಗಳಿಗೆ ತೊಂದರೆ ಕೊಡುತ್ತದೆ. ಪಾದ ಜೋಮು ಹಿಡಿದು ಹೆಜ್ಜೆ ತಪ್ಪಿದರೆ ಅದನ್ನೂ ‘ಚಕ್ಕರ್’ ಎಂದೇ ಹೇಳಿಬಿಡುವ ಅಪಾಯವಿದೆ. ಪಾದದ ಜೋಮನ್ನು ಪ್ರತ್ಯೇಕವಾಗಿ ಹೇಳಬೇಕು.

ಕನಾಮೈಸಿನ್ ಹಿಂದೆ ಸರಿದರೂ ಜೆಂಟಾಮೈಸಿನ್, ಅಮಿಕಾಸಿನ್ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಕಿಡ್ನಿ ದುರ್ಬಲವಿರುವವರು, ಡಯಾಲಿಸಿಸ್‌ನಲ್ಲಿರುವವರು, ವಯಸ್ಸಾದವರು, ಫ್ಯುರೋಸೆಮೈಡ್‌ನಂತಹ ನೀರಿಳಿಸುವ ಔಷಧ ಪಡೆಯುತ್ತಿರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಕೆಲವು ಕುಟುಂಬಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಒಂದು ವಂಶವಾಹಿ ದೋಷವಿದ್ದು, ಅಂಥವರಿಗೆ ಸ್ವಲ್ಪವೇ ಔಷಧದಿಂದ ಕಿವುಡು ಬರಬಹುದು. ಆದ್ದರಿಂದ ತಾಯಿ, ಅಜ್ಜಿ, ಸೋದರಮಾವ ಇವರಲ್ಲಿ ಯಾರಾದರೂ ಇಂಜೆಕ್ಷನ್ ನಂತರ ಕಿವುಡರಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಹೇಳಬೇಕಾದ ಮಾತು, ಅದೇ ದಿನ

ಇಂಜೆಕ್ಷನ್ ನಡೆಯುತ್ತಿರುವಾಗಲೇ ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ಕತ್ತಲಲ್ಲಿ ಓಲಾಟ, ತಲೆ ಅಲುಗಿದಾಗ ನೋಟ ಕುಣಿಯುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಡೋಸ್‌ಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೇರೆ ಔಷಧಕ್ಕೆ ಬದಲಿಸಬೇಕೇ ಎಂದು ಅವರು ನಿರ್ಧರಿಸಲಿ. ರೋಗಿಯೇ ಚಿಕಿತ್ಸೆ ನಿಲ್ಲಿಸುವುದು, ಅದರಲ್ಲೂ ಕ್ಷಯದಲ್ಲಿ, ಇನ್ನೊಂದು ಅನಾಹುತ. ಔಷಧ ಮುಗಿದು ವಾರಗಳ ನಂತರವೂ ಹಾನಿ ಮುಂದುವರಿಯಬಹುದು ಎನ್ನುವುದೂ ನೆನಪಿರಲಿ.

ಆಡಿಯೋಮೆಟ್ರಿ ವರದಿ ‘ನಾರ್ಮಲ್’ ಬಂತೆಂದು ನೆಮ್ಮದಿಪಡುವುದು ಇಲ್ಲಿ ತಪ್ಪು. ಅದು ಕೇಳುವ ಶಕ್ತಿಯನ್ನಷ್ಟೇ ಅಳೆಯುತ್ತದೆ. ಜೆಂಟಾಮೈಸಿನ್ ಶ್ರವಣವನ್ನು ಮುಟ್ಟದೆ ಸಮತೋಲನವನ್ನಷ್ಟೇ ಕಸಿದುಕೊಳ್ಳಬಲ್ಲದು. ಇದಕ್ಕೆ ಬೇರೆ ಪರೀಕ್ಷೆಗಳಿವೆ. ವೈದ್ಯರು ತಲೆಯನ್ನು ತಟ್ಟನೆ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಚಲನೆ ನೋಡುತ್ತಾರೆ, ತಲೆ ಅಲ್ಲಾಡಿಸುತ್ತ ಅಕ್ಷರಪಟ ಓದಿಸುತ್ತಾರೆ, ಕಿವಿಗೆ ಬಿಸಿ-ತಣ್ಣನೆಯ ನೀರು ಬಿಟ್ಟು ಪರೀಕ್ಷಿಸುತ್ತಾರೆ. ಅಹಮದಾಬಾದ್‌ನ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್‌ಎಸ್‌ಜಿ, ಸೂರತ್‌ನ ನ್ಯೂ ಸಿವಿಲ್ ಮೂರೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಅಲ್ಲಿನ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ‘ಚಕ್ಕರ್’ ಎಂದಷ್ಟೇ ಹೇಳದೆ, ‘ತಿರುಗುವುದಿಲ್ಲ, ನಡೆದರೆ ಓಲಾಡುತ್ತದೆ, ಬೋರ್ಡು ಕುಣಿಯುತ್ತದೆ, ಇಂಥ ಇಂಜೆಕ್ಷನ್ ಇಷ್ಟು ದಿನ ಕೊಟ್ಟಿದ್ದರು’ ಎಂದು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಅದಕ್ಕಾಗಿ ಡಿಸ್ಚಾರ್ಜ್ ಚೀಟಿಯನ್ನು ಎಸೆಯಬಾರದು.

ಚೀಟಿಯೇ ಇಲ್ಲದೆ ಔಷಧ ನುಂಗುವ ಚಾಳಿ ಹಳೆಯದು. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ಜನ ಔಷಧದಂಗಡಿಗಳಿಗೆ ಮುಗಿಬಿದ್ದು ಟೆಟ್ರಾಸೈಕ್ಲಿನ್ ಖಾಲಿ ಮಾಡಿದ್ದರು. ಭೀತಿ ಹೋಯಿತು, ಚಾಳಿ ಹೋಗಿಲ್ಲ.

ಕೆಲವು ಲಕ್ಷಣಗಳಿಗೆ ಕಾಯುವ ಪ್ರಶ್ನೆಯೇ ಇಲ್ಲ. ಔಷಧ ಕೊಟ್ಟ ಕೆಲವೇ ನಿಮಿಷದಲ್ಲಿ ತಲೆಸುತ್ತಿನೊಡನೆ ಉಸಿರುಗಟ್ಟುವುದು, ಮೈಮೇಲೆ ದದ್ದು, ಮುಖ ಊದುವುದು ಅಲರ್ಜಿಯ ತೀವ್ರ ರೂಪ. ಮಾತು ತೊದಲುವುದು, ಎರಡೆರಡು ಕಾಣುವುದು, ಒಂದು ಬದಿಯ ಕೈಕಾಲು ಸೋಲುವುದು ಪಾರ್ಶ್ವವಾಯುವಿನ ಸೂಚನೆ. ಎರಡಕ್ಕೂ 108ಕ್ಕೆ ಕರೆ ಮಾಡಬೇಕು.

ಮಾತ್ರೆಗಿಂತ ಚಲನೆ

ತಲೆಸುತ್ತು ಎಂದ ಕೂಡಲೇ ಸ್ಟೆಮೆಟಿಲ್‌ನಂತಹ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ವಾಂತಿ ಬರುವಷ್ಟು ತೀವ್ರವಿದ್ದಾಗ ಕೆಲವು ದಿನ ಅದು ಉಪಕಾರಿ. ಒಳಕಿವಿಯೇ ಕೆಟ್ಟಿದ್ದರೆ ದೀರ್ಘ ಬಳಕೆ ಕೆಡುಕೇ ಹೆಚ್ಚು, ಏಕೆಂದರೆ ಕಳೆದುಹೋದದ್ದನ್ನು ತುಂಬಿಕೊಳ್ಳಲು ಮಿದುಳು ನಡೆಸುವ ಕಲಿಕೆಯನ್ನು ಅದು ಮಂದಗೊಳಿಸುತ್ತದೆ. ಸಮತೋಲನಕ್ಕೆ ಕಿವಿಯೊಂದೇ ಆಧಾರವಲ್ಲ, ಕಣ್ಣು ಮತ್ತು ಪಾದಗಳೂ ಇವೆ. ಇವೆರಡನ್ನು ಹೆಚ್ಚು ನೆಚ್ಚಿಕೊಳ್ಳಲು ಮಿದುಳಿಗೆ ಅಭ್ಯಾಸ ಮಾಡಿಸುವುದೇ ಚಿಕಿತ್ಸೆ. ಲಂಡನ್ನಿನ ಕಾಥೋರ್ನ್ ಮತ್ತು ಕುಕ್ಸಿ 1940ರ ದಶಕದಲ್ಲಿ ರೂಪಿಸಿದ ವ್ಯಾಯಾಮಗಳಿಂದ ಈ ದಾರಿ ಶುರುವಾಯಿತು.

ಸರಳವಾದದ್ದು ಹೀಗಿದೆ. ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಒಂದು ಅಕ್ಷರ ಅಂಟಿಸಿ, ಕುರ್ಚಿಯಲ್ಲಿ ಕುಳಿತು ಅದನ್ನೇ ನೋಡುತ್ತ ತಲೆಯನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸಬೇಕು. ಅಕ್ಷರ ಸ್ಪಷ್ಟವಾಗಿರುವಷ್ಟೇ ವೇಗ ಸಾಕು. ಒಂದು ನಿಮಿಷ, ದಿನಕ್ಕೆ ಹಲವು ಸಲ. ಆಮೇಲೆ ಮೇಲೆ ಕೆಳಗೆ. ಕುಳಿತು ರೂಢಿಯಾದರೆ ನಿಂತು, ನಂತರ ಪಾದ ಜೋಡಿಸಿ, ಕೊನೆಗೆ ಮೆತ್ತನೆಯ ಹಾಸಿನ ಮೇಲೆ. ಗೋಡೆ ಹತ್ತಿರವಿರಲಿ, ಜತೆಗೊಬ್ಬರಿರಲಿ. ಸ್ವಲ್ಪ ತಲೆಸುತ್ತು ಬಂದರೆ ಅದು ಕೆಲಸವಾಗುತ್ತಿರುವ ಗುರುತು. ವಾಂತಿ ಬರುವಂತಾದರೆ ವೇಗ ತಗ್ಗಿಸಬೇಕು. ಕುತ್ತಿಗೆಯ ತೊಂದರೆ ಇರುವವರು ಫಿಸಿಯೋಥೆರಪಿಸ್ಟ್ ಕೇಳದೆ ಮಾಡಬಾರದು. ಫಲ ವಾರಗಳಲ್ಲ, ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ. ಪೂರ್ತಿ ಮೊದಲಿನಂತಾಗದಿದ್ದರೂ ಒಬ್ಬರೇ ಮಾರುಕಟ್ಟೆಗೆ ಹೋಗಿ ಬರುವ ಧೈರ್ಯ ಬರುತ್ತದೆ.

ಮನೆಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಬಚ್ಚಲಲ್ಲಿ ಹಿಡಿಕೆ ಇರಲಿ, ಸಡಿಲ ಚಪ್ಪಲಿ ಬೇಡ. ಮಗ್ಗಲಲ್ಲಿ ಕೋಲು ಹಿಡಿಯಲು ನಾಚಿಕೆ ಬೇಡ, ಅದು ಕೈಯ ಮೂಲಕ ನೆಲದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಅಹಮದಾಬಾದ್‌ನ ಬಿಆರ್‌ಟಿಎಸ್ ಬಸ್ಸಿನಲ್ಲಿ ನಿಂತು ಮೊಬೈಲ್ ನೋಡುವುದು ಕೆಲವು ಕಾಲ ಆಗದ ಮಾತು. ನಡೆಯುವಾಗ ನೋಟ ಕುಣಿಯುವವರು ಸ್ಕೂಟರ್ ಮುಟ್ಟಬಾರದು. ಜನವರಿ 14ರ ಉತ್ತರಾಯಣಕ್ಕೆ ಗುಜರಾತಿನ ಇಡೀ ಮನೆಮಂದಿ ತಾರಸಿ ಏರಿ, ಆಕಾಶಕ್ಕೆ ಮುಖ ಮಾಡಿ ಗಾಳಿಪಟ ಹಾರಿಸುತ್ತಾರೆ. ತಲೆ ಹಿಂದಕ್ಕೆ ಬಾಗಿಸಿ ಹಿಂದೆ ಹೆಜ್ಜೆ ಇಡುವುದು ಈ ರೋಗಿಗಳಿಗೆ ಅತ್ಯಂತ ಅಪಾಯದ ಭಂಗಿ. ಅಂದು ಅವರು ತಾರಸಿಯ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಸರಿ.

ಈಜು ಬೇಡವೇ ಬೇಡ. ನೀರಿನೊಳಗೆ ಪಾದಕ್ಕೆ ನೆಲವಿಲ್ಲ, ಕಣ್ಣಿಗೆ ಸ್ಪಷ್ಟ ನೋಟವಿಲ್ಲ. ಒಳಕಿವಿಯೂ ಇಲ್ಲದಿದ್ದರೆ ಮೇಲೆ ಯಾವುದು, ಕೆಳಗೆ ಯಾವುದು ಎಂದೇ ತಿಳಿಯದೆ ಮುಳುಗುವ ಸಾಧ್ಯತೆ ಇದೆ.

ಔಷಧದಿಂದ ತೊಂದರೆಯಾಗಿದೆ ಎಂಬ ಅನುಮಾನವಿದ್ದರೆ ರೋಗಿಯೇ ದೂರು ದಾಖಲಿಸಬಹುದು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಕ್ಷಯ ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಸಹಾಯವಾಣಿ 1800-11-6666.