ಸಾರ್ವಜನಿಕ ಕಟ್ಟಡಗಳಲ್ಲಿ ಇಂಧನದ ಆಯ್ಕೆ: ಧಾರವಾಡ ಗ್ರಾಮಾಂತರ

ಶೀತಪ್ರದೇಶಗಳಲ್ಲಿ ಸರ್ಕಾರಿ ಕಟ್ಟಡಗಳಿಗೆ ಇಂಧನ ಬೇಕಾಗುವುದು ಮುಖ್ಯವಾಗಿ ಕೊಠಡಿಗಳನ್ನು ಬೆಚ್ಚಗಿಡುವುದಕ್ಕೆ. ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಗ್ರಾಮಗಳಿಗೆ ಆ ಅಗತ್ಯವಿಲ್ಲದುದರಿಂದ, ಇಲ್ಲಿ ಇಂಧನದ ಪ್ರಶ್ನೆಯೆಂಬುದು ಶಾಲೆಯ ಬಿಸಿಯೂಟದ ಒಲೆ, ಅಂಗನವಾಡಿಯ ಅಡುಗೆ, ವಿದ್ಯಾರ್ಥಿನಿಲಯದ ಸ್ನಾನದ ಹಂಡೆ ಇವುಗಳನ್ನು ಕುರಿತದ್ದು. ಬೇಯಿಸಿದ ಊಟವನ್ನೇ ಮಕ್ಕಳಿಗೆ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿ, ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹವು ಆರಂಭವಾದ ಮೇಲೆ, ಊಟದೊಡನೆ ಒಲೆಯ ಉರಿಯೂ ಸರ್ಕಾರದ ಹೊಣೆಯಾಯಿತು.

ಸ್ಥಳೀಯ ಇಂಧನಗಳು ಮಣ್ಣನ್ನು ಅನುಸರಿಸುತ್ತವೆ. ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಕಟ್ಟಿಗೆಯೂ ಗೋವಿನಜೋಳದ ಬೆಂಡೂ ದೊರೆಯುತ್ತವೆ. ಮರ ವಿರಳವಾದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹತ್ತಿಕಟ್ಟಿಗೆ, ಜಾಲಿ, ಕುಳ್ಳುಗಳೇ ಆಧಾರ. ಹತ್ತಿಕಟ್ಟಿಗೆಯು ಭರ್ರನೆ ಉರಿದು ಬೇಗ ಆರುವುದರಿಂದ, ದೊಡ್ಡ ಪಾತ್ರೆಯ ಅಡುಗೆಗೆ ಒಬ್ಬರು ಒಲೆಯ ಮುಂದಿನಿಂದ ಏಳದೆ ಉರಿ ಒಟ್ಟುತ್ತಲೇ ಇರಬೇಕಾಗುತ್ತದೆ.

ಕಟ್ಟಿಗೆಯ ಬೆಲೆಯನ್ನು ತೂಕದಿಂದ ನಿರ್ಣಯಿಸುವ ರೂಢಿಯು ದಾರಿ ತಪ್ಪಿಸುವಂಥದು. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿದ್ದರೆ, ತೂಕದಲ್ಲಿ ನೂರಕ್ಕೆ 40 ಭಾಗ ತೇವವಿರುವ ಕಟ್ಟಿಗೆಯಲ್ಲಿ ಅದು 10ಕ್ಕೆ ಇಳಿಯುತ್ತದೆ. ಶಾಲೆ ತೆರೆಯುವುದು ಮುಂಗಾರಿನೊಡನೆಯೇ ಆದ್ದರಿಂದ, ಕಟ್ಟಿಗೆ ಒಣಗಿರುವ ಬೇಸಗೆಯಲ್ಲಿ ಒಲೆಗೆ ರಜೆ, ಒಲೆ ಹೊತ್ತಿಸುವ ಕಾಲದಲ್ಲಿ ಕಟ್ಟಿಗೆ ಹಸಿ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಶಾಖದ ಹತ್ತನೆಯ ಒಂದು ಭಾಗ ಮಾತ್ರ. ಮಗುವಿಗೆ 100 ಗ್ರಾಮಿನಂತೆ 200 ಮಕ್ಕಳಿಗೆ 20 ಕಿಲೋಗ್ರಾಂ ಅಕ್ಕಿಯನ್ನೂ 50 ಲೀಟರ್ ನೀರನ್ನೂ ಕುದಿಗೆ ತರಲು ಬೇಕಾದುದು ಸುಮಾರು 18 ಮೆಗಾಜೂಲ್: ಅಂಥ ಒಲೆಗೆ 12 ಕಿಲೋಗ್ರಾಂ ಒಣ ಕಟ್ಟಿಗೆ, ಅನಿಲದ ಒಲೆಗೆ ಮುಕ್ಕಾಲು ಕಿಲೋಗ್ರಾಮಿಗಿಂತ ಕಡಿಮೆ ಅನಿಲ. ಈ ಅಪವ್ಯಯವನ್ನು ತಡೆಯಲೆಂದೇ, ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವು, ಜಾಲರಿ, ಮುಚ್ಚಿದ ಉರಿಗೂಡು, ಹೊಗೆಕೊಳವೆಗಳುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಕಟ್ಟಿಗೆಯ ಉಳಿತಾಯಕ್ಕಿಂತಲೂ, ಅಡುಗೆಯವರ ಕಣ್ಣು ಮತ್ತು ಶ್ವಾಸಕೋಶಗಳನ್ನು ಹೊಗೆಯಿಂದ ಬಿಡಿಸಿದುದೇ ಅದರ ಹೆಚ್ಚಿನ ಉಪಕಾರವೆನ್ನಬೇಕು. ಕೊಳವೆಯ ಮಸಿಯನ್ನು ತೆಗೆಯದಿದ್ದಲ್ಲಿ ಆ ಉಪಕಾರವೂ ಉಳಿಯದು.

ಗೋಬರ್ ಅನಿಲವು ಗ್ರಾಮಕ್ಕೆ ಸಹಜವೆಂದು ತೋರಿದರೂ, ಐವತ್ತು ಮಂದಿಯ ವಿದ್ಯಾರ್ಥಿನಿಲಯದ ಅಡುಗೆಗೆ ದಿನಕ್ಕೆ 12 ಘನ ಮೀಟರಿನಷ್ಟು ಅನಿಲವೂ, ಅದಕ್ಕೆ ಸುಮಾರು ಮೂವತ್ತು ದನಗಳ ಸೆಗಣಿಯೂ ಬೇಕು. ದನಗಳಿರುವುದು ರೈತರ ಹಟ್ಟಿಯಲ್ಲಿ, ಸೆಗಣಿ ಸಲ್ಲುವುದು ಅವರ ತಿಪ್ಪೆಗೆ.

ಆದ್ದರಿಂದ ಅನಿಲ ಸಿಲಿಂಡರೇ ಸಾಮಾನ್ಯವಾಗಿ ಮೇಲಾದ ಆಯ್ಕೆ. 14.2 ಕಿಲೋಗ್ರಾಮಿನ ಒಂದು ಸಿಲಿಂಡರು ಮೂರು ಕಲ್ಲಿನ ಒಲೆಯ ಎರಡೂವರೆ ಕ್ವಿಂಟಲ್ ಕಟ್ಟಿಗೆಗೆ ಸರಿಸುಮಾರು ಸಮ. ಆದರೆ ತುಂಬಿದ ಇನ್ನೊಂದು ಸಿಲಿಂಡರನ್ನು ಕಾದಿರಿಸದ ಶಾಲೆಯಲ್ಲಿ, ಅಡುಗೆಯ ನಡುವೆ ಅನಿಲ ಮುಗಿದ ದಿನ, ಒಟ್ಟಿಟ್ಟ ಹಳೆಯ ಕಟ್ಟಿಗೆಯೇ ಗತಿ. ಸ್ನಾನದ ನೀರಿಗೆ ಸೌರಶಾಖವು ಬೇಸಗೆಯಲ್ಲೂ ಚಳಿಗಾಲದಲ್ಲೂ ಸಾಕಾದೀತು. ಕಲಘಟಗಿಯ ಮೋಡ ಕವಿದ ಮಳೆಗಾಲಕ್ಕೆ ಹಂಡೆಯ ಒಲೆಯನ್ನು ಉಳಿಸಿಕೊಳ್ಳುವುದು ಯುಕ್ತ.