ಪೇಟೆಯ ಧಾರಣೆ, ಫಂಡಿನ ಎನ್‌ಎವಿ: ಗದಗ ಸೀಮೆಯಿಂದ ಒಂದು ಓದು

ಗದಗ ಎಪಿಎಂಸಿಯ ಧಾರಣೆ ಪಟ್ಟಿಯಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿಗಳ ಮುಂದೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ದರಗಳಿರುತ್ತವೆ. ಅಂತೂರ-ಬೆಂತೂರದಂಥ ಊರುಗಳಿಗೆ ಇದು ರೂಢಿಯ ಓದು. ಮಾಲಿನ ಗುಣ, ಆವಕ, ಖರೀದಿದಾರರ ಪೈಪೋಟಿ ಎಲ್ಲವೂ ಆ ಅಂಕಿಗಳಲ್ಲಿ ಅಡಗಿರುತ್ತವೆ. ಮ್ಯೂಚುವಲ್ ಫಂಡ್ ಪಟ್ಟಿಯ ಪ್ರತಿ ಸಾಲಿಗಾದರೋ ದಿನಕ್ಕೆ ಒಂದೇ ಅಂಕಿ: ಎನ್‌ಎವಿ, ಅಂದರೆ ನಿವ್ವಳ ಆಸ್ತಿ ಮೌಲ್ಯ. ಇದನ್ನು ಪೇಟೆಯ ಧಾರಣೆಯಂತೆ ಓದಿದರೆ ಅರ್ಥ ಕೆಡುತ್ತದೆ ಎಂಬುದು ಈ ಲೇಖನದ ವಾದ.

ಧಾರಣೆ ಹುಟ್ಟುವುದು ಖರೀದಿದಾರರ ಪೈಪೋಟಿಯಲ್ಲಿ. ಎನ್‌ಎವಿ ಹುಟ್ಟುವುದು ಭಾಗಾಕಾರದಲ್ಲಿ. ಫಂಡಿನ ಆಸ್ತಿಗಳ ಅಂದಿನ ಬೆಲೆಯಿಂದ ಹೊಣೆ ಹಾಗೂ ಖರ್ಚುಗಳನ್ನು ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಹೀಗಾಗಿ ಎನ್‌ಎವಿ ಕಡಿಮೆಯಿದ್ದರೆ ಫಂಡ್ ಅಗ್ಗವೆಂದಲ್ಲ. 10,000 ರೂಪಾಯಿಗೆ 20 ರೂಪಾಯಿಯಂತೆ 500 ಯೂನಿಟ್, 200 ರೂಪಾಯಿಯಂತೆ 50 ಯೂನಿಟ್ ಸಿಗುತ್ತವೆ. ಎರಡೂ ಫಂಡ್ ಶೇ 10ರಷ್ಟು ಏರಿದರೆ ಎರಡೂ ಕಡೆ ಕೈಗೆ ಬರುವುದು 11,000 ರೂಪಾಯಿಯೇ.

ಒಂದೇ ಯೋಜನೆ ಪಟ್ಟಿಯಲ್ಲಿ ಹಲವು ಸಾಲುಗಳಲ್ಲಿ ಬರುತ್ತದೆ. 2013ರ ಜನವರಿಯಿಂದ ಬಂದ 'ಡೈರೆಕ್ಟ್' ಸಾಲಿನಲ್ಲಿ ಏಜೆಂಟರ ಕಮಿಷನ್ ಇಲ್ಲ. ಆದ್ದರಿಂದ ಅದರ ಎನ್‌ಎವಿ 'ರೆಗ್ಯುಲರ್' ಸಾಲಿಗಿಂತ ವರ್ಷ ಕಳೆದಂತೆ ಮೇಲೇರುತ್ತ ಹೋಗುತ್ತದೆ. 'ಗ್ರೋಥ್' ಸಾಲಿನಲ್ಲಿ ಲಾಭ ಒಳಗೇ ಉಳಿಯುತ್ತದೆ. ಹಣ ಹಂಚುವ ಸಾಲಿನಲ್ಲಿ ಹಂಚಿದಷ್ಟು ಎನ್‌ಎವಿ ಇಳಿಯುತ್ತದೆ, ಅದು ನಷ್ಟವಲ್ಲ.

ಕೂಡಿ ಹಣ ಹಾಕುವುದು ಈ ಸೀಮೆಗೆ ಹೊಸದಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಪತ್ತಿನ ಸಂಘ ಆರಂಭವಾಯಿತು. ಸಹಕಾರಿ ಸಂಘದ ಷೇರಿಗೆ ಮುಖಬೆಲೆಯೇ ಬೆಲೆ; ದಿನದ ಪಟ್ಟಿ ಬೇಕಿಲ್ಲ. ಫಂಡಿನ ಯೂನಿಟ್‌ಗೆ ಅಂಥ ಸ್ಥಿರ ಬೆಲೆಯಿಲ್ಲ. ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಆರಂಭಿಸಿದ ಯುಎಸ್-64 ಯೋಜನೆ ಸಾಕ್ಷಿ. ಅದರ ದರವನ್ನು ಭಾಗಾಕಾರದಿಂದಲ್ಲ, ಟ್ರಸ್ಟೇ ನಿಗದಿ ಮಾಡುತ್ತಿತ್ತು. ಘೋಷಿತ ದರ ನಿಜಮೌಲ್ಯವನ್ನು ಮೀರಿ ನಿಂತಾಗ, 2001ರ ಜುಲೈನಲ್ಲಿ ಯೂನಿಟ್‌ಗಳ ಮಾರಾಟ, ಮರುಖರೀದಿ ಎರಡೂ ನಿಂತವು.

ಆದ್ದರಿಂದ ಎನ್‌ಎವಿಯನ್ನು ಬೇರೆ ಫಂಡಿನ ಎನ್‌ಎವಿಯ ಪಕ್ಕದಲ್ಲಿಟ್ಟು ಅಳೆಯಬಾರದು. ಒಂದೇ 'ಗ್ರೋಥ್' ಸಾಲಿನ ಎರಡು ದಿನಾಂಕಗಳ ಅಂಕಿ ಹಿಡಿದು ಶೇಕಡಾವಾರು ಏರಿಳಿತ ತೆಗೆದು, ಆ ಏರಿಳಿತವನ್ನು ಅದೇ ವರ್ಗದ ಫಂಡುಗಳ ಜೊತೆ ಹೋಲಿಸಬೇಕು. ಕನ್ನಡದ ಹಣಕಾಸು ಶಿಕ್ಷಣ ಮೊದಲು ಕಲಿಸಬೇಕಾದ ಲೆಕ್ಕ ಇದು.