ಮಂಗನ ಕಾಯಿಲೆಯೂ ಉಣ್ಣಿಯೂ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಜನರೂ ತೀವ್ರ ಜ್ವರದಿಂದ ಮಲಗಿದರು. ಹಳದಿ ಜ್ವರವು ಭಾರತಕ್ಕೂ ಬಂದಿತೇ ಎಂದು ಶಂಕಿಸಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕೊನೆಗೆ ಕಂಡದ್ದು, ಉಣ್ಣಿಯಿಂದ ಹರಡುವ ಹೊಸ ವೈರಸ್ಸನ್ನು. ಜನರು ಇದನ್ನು ಮಂಗನ ಕಾಯಿಲೆಯೆಂದರು. ಪಾಪ, ಮಂಗವೂ ನಮ್ಮಂತೆಯೇ ಕಡಿತಕ್ಕೊಳಗಾದ ಜೀವಿ!

ಘಟ್ಟದ ಮೇಲಿನ ಕಥೆಯೆಂದು ಕಾಣಿಯೂರಿನ ನಾವು ಸುಮ್ಮನಿರುವಂತಿಲ್ಲ. 1982-83ರಲ್ಲಿ ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಡೆ, ಗೇರು ನೆಡಲು ಕಾಡು ಕಡಿದಾಗ ರೋಗ ಭುಗಿಲೆದ್ದಿತು. 1,500ಕ್ಕೂ ಮಿಕ್ಕಿ ಜನರಿಗೆ ತಗಲಿ, ಸುಮಾರು 150 ಮಂದಿ ತೀರಿಕೊಂಡರು.

ಹಿರಿಯರು ಹಟ್ಟಿಯ ದನದ ಮೈಯಿಂದ ಕೀಳುತ್ತಿದ್ದ ಅವರೆಕಾಳಿನಂಥ ಉಣ್ಣಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಕಾಡಿನ ಉಣ್ಣಿಯ ಸಾಸಿವೆಯಷ್ಟರ ಮರಿ. ಡಿಸೆಂಬರಿನಿಂದ ಮೇವರೆಗೆ ಅವು ತರಗೆಲೆಗಳಲ್ಲಿ ಹೇರಳ. ಆದುದರಿಂದ ಗುಡ್ಡೆಯಲ್ಲಿ ತರಗೆಲೆ ಗುಡಿಸಿ ಬಂದವರು ಬಿಸಿನೀರಿನಲ್ಲಿ ಮೀಯುವಾಗ ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿಗಳನ್ನು ಪರೀಕ್ಷಿಸಿಕೊಳ್ಳಬೇಕು. ಜೊತೆಗೆ ಹೋದ ನಾಯಿಯ ಕಿವಿ, ಬೆರಳ ಸಂದುಗಳನ್ನೂ ನೋಡಬೇಕು. ಸಿಕ್ಕಿದ ಉಣ್ಣಿಯನ್ನು ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಗಳು ಬೇಡ.

1990ರಿಂದ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಎರಡು ವಾರಗಳೊಳಗೆ ಜ್ವರ, ತಲೆನೋವು ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.